ಆರ್ಕಿಯೊಳಗೆ ಸಿಎಸ್‌ವಿಯಿಂದ ಸಂಬಂಧಗಳನ್ನು ತರುವಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಸಂಸ್ಥೆಯೊಂದರ ಕೆಲಸ, ತಂತ್ರಾಂಶ, ದತ್ತಾಂಶಗಳ ನಡುವಿನ ಸಂಬಂಧವನ್ನು ಚಿತ್ರಿಸುವ ಭಾಷೆಯಾದ ಆರ್ಕಿಮೇಟ್‌ನ ಮಾದರಿಗಳಿಗಾಗಿ ಆರ್ಕಿ ಎಂಬ ತಂತ್ರಾಂಶ ಬಳಸುವವರಿಗೆ ಒಂದಲ್ಲ ಒಂದು ಹಂತದಲ್ಲಿ ಸ್ಪ್ರೆಡ್‌ಶೀಟ್ ಬೇಕೇ ಬೇಕಾಗುತ್ತದೆ. ಹತ್ತಿಪ್ಪತ್ತು ಘಟಕಗಳಿರುವವರೆಗೆ ಮೌಸ್ ಹಿಡಿದು ಗೆರೆ ಎಳೆಯುತ್ತ ಹೋಗಬಹುದು. ದೊಡ್ಡ ಸಂಸ್ಥೆಯೊಂದರ ತಂತ್ರಾಂಶಗಳು, ಅವು ನೆರವಾಗುವ ಕೆಲಸಗಳು, ಅವು ಓದಿ ಬರೆಯುವ ದತ್ತಾಂಶ ಎಲ್ಲವನ್ನೂ ಸೇರಿಸಿದರೆ ಸಂಬಂಧಗಳ ಸಂಖ್ಯೆ ಸುಲಭವಾಗಿ ಸಾವಿರ ದಾಟುತ್ತದೆ. ಆಗ ಪಟ್ಟಿಯನ್ನು ಎಕ್ಸೆಲ್‌ನಲ್ಲೋ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲೋ ತಯಾರಿಸಿ, ಸಿಎಸ್‌ವಿಯಾಗಿ (ಕಾಮಾಗಳಿಂದ ಬೇರ್ಪಡಿಸಿದ ಬರಿಯ ಪಠ್ಯದ ಫೈಲಾಗಿ) ಉಳಿಸಿ, ಒಂದೇ ಸಲಕ್ಕೆ ಮಾದರಿಯೊಳಗೆ ತರುವುದೇ ಸರಿಯಾದ ದಾರಿ.

ಈ ದಾರಿಯಲ್ಲಿ ಎರಡು ಬಗೆಯ ದೋಷಗಳು ಎದುರಾಗುತ್ತವೆ. ಕೆಲವೊಮ್ಮೆ ಆಮದು ಅರ್ಧಕ್ಕೆ ನಿಂತು ಪರದೆಯ ಮೇಲೆ ಸಂದೇಶ ಬರುತ್ತದೆ. ಇದು ಸಿಟ್ಟು ತರಿಸಿದರೂ ಮಾದರಿಗೆ ಹಾನಿ ಮಾಡುವುದಿಲ್ಲ. ಇನ್ನು ಕೆಲವೊಮ್ಮೆ ಆಮದು ಸದ್ದಿಲ್ಲದೆ ಮುಗಿಯುತ್ತದೆ, ಸಂಬಂಧ ಮಾತ್ರ ತಪ್ಪು ಘಟಕಗಳ ನಡುವೆ ಕುಳಿತಿರುತ್ತದೆ. ಆರು ತಿಂಗಳ ನಂತರ ಯಾರೋ ಆ ಮಾದರಿಯನ್ನು ನಂಬಿ "ಈ ಸರ್ವರ್ ನಿಲ್ಲಿಸಿದರೆ ಏನೇನು ನಿಲ್ಲುತ್ತದೆ" ಎಂದು ಕೇಳಿದಾಗ ತಪ್ಪು ಉತ್ತರ ಸಿಗುತ್ತದೆ. ಎರಡನೆಯ ಬಗೆಯನ್ನು ತಂತ್ರಾಂಶ ಹುಡುಕಿಕೊಡುವುದಿಲ್ಲವಾದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೂರು ಫೈಲ್‌ಗಳು, ಒಂದು ಕೊಂಡಿ

ಆರ್ಕಿಯ ಸಿಎಸ್‌ವಿ ವ್ಯವಸ್ಥೆಯಲ್ಲಿ ಮೂರು ಫೈಲ್‌ಗಳಿವೆ. ಎಲಿಮೆಂಟ್ಸ್ ಎಂಬುದರಲ್ಲಿ ಘಟಕಗಳು: ಐಡಿ, ಟೈಪ್, ಹೆಸರು, ವಿವರಣೆ. ರಿಲೇಶನ್ಸ್ ಎಂಬುದರಲ್ಲಿ ಸಂಬಂಧಗಳು: ಇದೇ ನಾಲ್ಕು ಕಾಲಂಗಳ ಜೊತೆಗೆ ಸೋರ್ಸ್ ಮತ್ತು ಟಾರ್ಗೆಟ್. ಪ್ರಾಪರ್ಟೀಸ್ ಎಂಬುದರಲ್ಲಿ ಹೆಚ್ಚುವರಿ ಗುಣಗಳು: ಐಡಿ, ಕೀ, ವ್ಯಾಲ್ಯೂ. ಇತ್ತೀಚಿನ ಆವೃತ್ತಿಗಳಲ್ಲಿ ಮೊದಲ ಎರಡು ಫೈಲ್‌ಗಳಿಗೆ ಸ್ಪೆಷಲೈಸೇಶನ್ ಎಂಬ ಇನ್ನೊಂದು ಕಾಲಂ ಸೇರಿದೆ.

ಸೋರ್ಸ್ ಮತ್ತು ಟಾರ್ಗೆಟ್ ಕಾಲಂಗಳಲ್ಲಿ ಇರಬೇಕಾದ್ದು ಘಟಕದ ಐಡಿ. ಹೆಸರು ಬರೆದರೆ ಆರ್ಕಿಗೆ ಅದು ಯಾವ ಘಟಕವೆಂದು ತಿಳಿಯುವುದಿಲ್ಲ. ಮೂರು ಫೈಲ್‌ಗಳನ್ನು ಒಂದಕ್ಕೊಂದು ಬೆಸೆಯುವ ಕೊಂಡಿ ಐಡಿ ಒಂದೇ. ಈ ಕೆಲಸದಲ್ಲಿ ಬರುವ ದೋಷಗಳಲ್ಲಿ ಬಹುಪಾಲು ಐಡಿ ಎಲ್ಲೋ ಕೆಟ್ಟಿದ್ದರಿಂದ ಬರುತ್ತವೆ.

ಸಂಬಂಧದ ಒಂದು ಸಾಲು ಹೀಗಿರುತ್ತದೆ:

"ರಿಲ್-0041","ಸರ್ವಿಂಗ್‌ರಿಲೇಶನ್‌ಶಿಪ್","","","ಆಪ್-007","ಪ್ರೊ-012"

ಓದಲು ಅನುಕೂಲವಾಗಲೆಂದು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನಿಜವಾದ ಫೈಲಿನಲ್ಲಿ ಐಡಿ ಮತ್ತು ಟೈಪ್ ಎರಡೂ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಹೆಸರು ಮತ್ತು ವಿವರಣೆ ಕನ್ನಡದಲ್ಲಿರಬಹುದು, ಯಾವ ತೊಂದರೆಯೂ ಇಲ್ಲ. ಇಲ್ಲಿ ಏಳನೆಯ ಸಂಖ್ಯೆಯ ಅಪ್ಲಿಕೇಶನ್, ಹನ್ನೆರಡನೆಯ ಸಂಖ್ಯೆಯ ಕೆಲಸಕ್ಕೆ ಸೇವೆ ಒದಗಿಸುತ್ತದೆ. ಮುಂದಿನ ಉದಾಹರಣೆಗಳಿಗೆಲ್ಲ ಒಂದು ಗ್ರಂಥಾಲಯದ ಮಾದರಿಯನ್ನು ಇಟ್ಟುಕೊಳ್ಳೋಣ: ಏಳನೆಯ ಅಪ್ಲಿಕೇಶನ್ ಎಂದರೆ "ಗ್ರಂಥಾಲಯ ತಂತ್ರಾಂಶ", ಹನ್ನೆರಡನೆಯ ಕೆಲಸ ಎಂದರೆ "ಸದಸ್ಯತ್ವ ನೋಂದಣಿ".

ಕೈ ಹಾಕುವ ಮೊದಲು

ಮಾದರಿಯ ಫೈಲಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ತೆಗೆದಿಡಿ, ಪರೀಕ್ಷೆಯನ್ನೆಲ್ಲ ಆ ಪ್ರತಿಯ ಮೇಲೆ ಮಾಡಿ. ಇಡೀ ಆಮದು ಒಂದೇ ಕ್ರಿಯೆಯಾಗಿ ದಾಖಲಾಗುವುದರಿಂದ ಒಂದು ಅನ್‌ಡೂ ಒತ್ತಿದರೆ ಹಿಂದಿನ ಸ್ಥಿತಿಗೆ ಬರಬಹುದು, ನಿಜ. ಆದರೆ ತಪ್ಪು ಗೊತ್ತಾಗುವ ಹೊತ್ತಿಗೆ ಫೈಲ್ ಉಳಿಸಿ, ಮುಚ್ಚಿ, ಮಾರನೆಯ ದಿನ ತೆರೆದಿರುತ್ತೀರಿ. ಆಗ ಅನ್‌ಡೂ ಇರುವುದಿಲ್ಲ, ಪ್ರತಿ ಇರುತ್ತದೆ.

ಎರಡನೆಯದಾಗಿ, ಸಿಎಸ್‌ವಿ ಫೈಲನ್ನು ನೋಟ್‌ಪ್ಯಾಡ್‌ನಂಥ ಬರಿಯ ಪಠ್ಯ ತೋರಿಸುವ ತಂತ್ರಾಂಶದಲ್ಲಿ ತೆರೆದು ನೋಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಎಕ್ಸೆಲ್‌ನಲ್ಲಿ ತೆರೆದರೆ ಎಕ್ಸೆಲ್ ಅರ್ಥ ಮಾಡಿಕೊಂಡದ್ದು ಕಾಣುತ್ತದೆ, ಡಿಸ್ಕ್‌ನಲ್ಲಿ ಇರುವುದು ಕಾಣುವುದಿಲ್ಲ. ಆರ್ಕಿ ಓದುವುದು ಡಿಸ್ಕ್‌ನಲ್ಲಿರುವುದನ್ನು. ಎಕ್ಸೆಲ್‌ನಲ್ಲಿ ತಿದ್ದಿ ಉಳಿಸದೆ ಬಿಟ್ಟ ಬದಲಾವಣೆಯೂ ಆರ್ಕಿಗೆ ತಲುಪಿರುವುದಿಲ್ಲ ಎಂಬುದು ಇದೇ ಮಾತಿನ ಇನ್ನೊಂದು ಮುಖ.

ಲಕ್ಷಣ: ಆಮದು ನಿಲ್ಲುತ್ತದೆ, ಸಂದೇಶ ಬರುತ್ತದೆ

ಫೈಲ್‌ಗಳಲ್ಲಿ ಒಂದೇ ಒಂದು ಸಾಲು ಕೆಟ್ಟಿದ್ದರೂ ಆರ್ಕಿ ಏನನ್ನೂ ಒಳಗೆ ತೆಗೆದುಕೊಳ್ಳುವುದಿಲ್ಲ. ಇದು ಒಳ್ಳೆಯ ನಡೆ. ಅರ್ಧ ತುಂಬಿದ ಮಾದರಿಗಿಂತ ತುಂಬದ ಮಾದರಿ ಮೇಲು. ತೊಂದರೆಯೆಂದರೆ ಮೊದಲು ಸಿಕ್ಕ ದೋಷವನ್ನಷ್ಟೇ ಅದು ಹೇಳುತ್ತದೆ. ಅದನ್ನು ಸರಿಪಡಿಸಿದರೆ ಮುಂದಿನದು.

ಸಂದೇಶದಿಂದ ಸಾಲು ಪತ್ತೆಯಾಗದಿದ್ದರೆ ಹೀಗೆ ಮಾಡಿ. ಎಲಿಮೆಂಟ್ಸ್ ಫೈಲನ್ನು ಪೂರ್ತಿ ಇಟ್ಟುಕೊಂಡು, ರಿಲೇಶನ್ಸ್ ಫೈಲಿನಲ್ಲಿ ತಲೆಬರಹದ ಸಾಲು ಮತ್ತು ಮೊದಲರ್ಧವನ್ನು ಮಾತ್ರ ಬಿಟ್ಟು ಆಮದು ಮಾಡಿ. ಅದು ಒಳಗೆ ಹೋದರೆ ದೋಷ ಎರಡನೆಯ ಅರ್ಧದಲ್ಲಿದೆ, ಹೋಗದಿದ್ದರೆ ಈ ಅರ್ಧದಲ್ಲೇ ಇದೆ. ದೋಷವಿರುವ ಅರ್ಧವನ್ನು ಮತ್ತೆ ಅರ್ಧ ಮಾಡಿ. ಸಾವಿರ ಸಾಲುಗಳಿದ್ದರೂ ಹತ್ತು ಸಲದೊಳಗೆ ಆ ಒಂದು ಸಾಲು ಸಿಕ್ಕಿಬೀಳುತ್ತದೆ. ಪ್ರತಿ ಯಶಸ್ವಿ ಆಮದಿನ ನಂತರ ಅನ್‌ಡೂ ಮಾಡುವುದನ್ನು ಮರೆಯಬೇಡಿ.

ಸಂದೇಶಗಳಲ್ಲಿ ಅತಿ ಹೆಚ್ಚು ಬರುವುದು ಇಂಥ ಐಡಿಯ ಘಟಕ ಸಿಗಲಿಲ್ಲ ಎಂಬುದು. ಸೋರ್ಸ್ ಅಥವಾ ಟಾರ್ಗೆಟ್‌ನಲ್ಲಿರುವ ಐಡಿ ಎಲಿಮೆಂಟ್ಸ್ ಫೈಲಿನಲ್ಲಾಗಲಿ ಈಗಾಗಲೇ ಇರುವ ಮಾದರಿಯಲ್ಲಾಗಲಿ ಇರಲೇಬೇಕು. ಎಲಿಮೆಂಟ್ಸ್ ಫೈಲಿನಲ್ಲಿ ಐಡಿಯನ್ನು ಖಾಲಿ ಬಿಡಲು ಅವಕಾಶವಿದೆ, ಆಗ ಆರ್ಕಿಯೇ ಹೊಸದೊಂದನ್ನು ಹುಟ್ಟಿಸುತ್ತದೆ. ಆದರೆ ಅದು ಏನೆಂದು ನಿಮ್ಮ ಸ್ಪ್ರೆಡ್‌ಶೀಟಿಗೆ ಗೊತ್ತಿರುವುದಿಲ್ಲ, ಹಾಗಾಗಿ ಅಂಥ ಘಟಕಕ್ಕೆ ಸಂಬಂಧ ಕಟ್ಟಲಾಗುವುದಿಲ್ಲ. ಸಂಬಂಧ ಬೇಕಾದ ಪ್ರತಿ ಘಟಕಕ್ಕೂ ನೀವೇ ಐಡಿ ಕೊಡಿ. ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸ ಆರ್ಕಿಗೆ ಮುಖ್ಯ, ಎಕ್ಸೆಲ್‌ನ ಹುಡುಕು ಸೂತ್ರಗಳಿಗೆ ಮುಖ್ಯವಲ್ಲ. ಹಾಗಾಗಿ ಶೀಟಿನಲ್ಲಿ ಹೊಂದಿದಂತೆ ಕಂಡದ್ದು ಆಮದಿನಲ್ಲಿ ಹೊಂದದೆ ಹೋಗಬಹುದು.

ಐಡಿ ಇದೆ, ಕಣ್ಣಿಗೂ ಕಾಣುತ್ತಿದೆ, ಆದರೂ ಸಿಗುತ್ತಿಲ್ಲ ಎಂದಾದರೆ ಎಕ್ಸೆಲ್ ಅದನ್ನು ಬದಲಾಯಿಸಿದೆಯೇ ನೋಡಿ. ಆರ್ಕಿಯ ಹಳೆಯ ಆವೃತ್ತಿಗಳು ಎಂಟು ಅಕ್ಷರಗಳ ಹೆಕ್ಸಾಡೆಸಿಮಲ್ (ಅಂಕಿಗಳು ಮತ್ತು ಇಂಗ್ಲಿಷ್‌ನ ಎ ಇಂದ ಎಫ್‌ವರೆಗಿನ ಅಕ್ಷರಗಳ) ಐಡಿ ಕೊಡುತ್ತಿದ್ದವು. ಅವುಗಳಲ್ಲಿ ಕೆಲವು ಬರಿಯ ಅಂಕಿಗಳು, ಕೆಲವು ಅಂಕಿಗಳ ನಡುವೆ ಒಂದು "ಇ" ಇರುವಂಥವು. 4507ಇ213 ಎಂಬ ಐಡಿಯನ್ನು ತೆಗೆದುಕೊಳ್ಳಿ. ಎಕ್ಸೆಲ್ ಇದನ್ನು ವೈಜ್ಞಾನಿಕ ಸಂಕೇತದ ಸಂಖ್ಯೆ ಎಂದು ಓದಿ 4.51ಇ+216 ಎಂದು ತೋರಿಸುತ್ತದೆ, ಉಳಿಸುವಾಗ ಹಾಗೆಯೇ ಬರೆದೂ ಬಿಡುತ್ತದೆ. ಮೂಲ ಐಡಿ ಅಲ್ಲಿಗೆ ಹೋಯಿತು; ಕೋಶದ ಸ್ವರೂಪ ಬದಲಾಯಿಸಿದರೂ ಮರಳಿ ಬರುವುದಿಲ್ಲ. 03482915 ಎಂಬುದರ ಮುಂದಿನ ಸೊನ್ನೆ ಕೂಡ ಹೀಗೆಯೇ ಹೋಗುತ್ತದೆ. ಹದಿನೈದು ಅಂಕಿಗಳಿಗಿಂತ ಉದ್ದದ ಸಂಖ್ಯೆಯ ಐಡಿಯಾದರೆ ಹದಿನಾರನೆಯ ಅಂಕಿಯಿಂದ ಮುಂದಿನವೆಲ್ಲ ಸೊನ್ನೆಯಾಗುತ್ತವೆ. ಈಗಿನ ಆರ್ಕಿ ಕೊಡುವ ಐಡಿಗಳು ಇಂಗ್ಲಿಷ್‌ನ ಐ, ಡಿ ಅಕ್ಷರಗಳು ಮತ್ತು ಒಂದು ಅಡ್ಡಗೆರೆಯಿಂದ ಆರಂಭವಾಗುವುದರಿಂದ ಈ ಕಾಟ ಅವಕ್ಕಿಲ್ಲ.

ನೀವೇ ಐಡಿ ಕಟ್ಟುವಾಗ ದಿನಾಂಕದಂತೆ ಕಾಣದ ಹಾಗೆ ನೋಡಿಕೊಳ್ಳಿ. 1-12 ಎಂದು ಬರೆದರೆ ಡಿಸೆಂಬರ್ ಒಂದಾಗುತ್ತದೆ. ಅಕ್ಷರಗಳಿಂದ ಆರಂಭಿಸಿದರೂ ಎಲ್ಲ ಸಲ ಕ್ಷೇಮವೆಂದಿಲ್ಲ: ಮಾರ್ಕೆಟಿಂಗ್ ವಿಭಾಗಕ್ಕೆಂದು "ಮಾರ್-12" ಎಂದು ಇಂಗ್ಲಿಷ್‌ನಲ್ಲಿ ಬರೆದರೆ ಅದೂ ಮಾರ್ಚ್ ತಿಂಗಳ ದಿನಾಂಕವೇ. ಇದು ನಮ್ಮೊಬ್ಬರ ಪಾಡಲ್ಲ. ಮನುಷ್ಯನ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ ಮಾರ್ಚ್1, ಸೆಪ್ಟ್1 ಎಂಬಂಥ ಜೀನ್ ಸಂಕೇತಗಳನ್ನೇ ಬದಲಾಯಿಸಿತು. ಎಕ್ಸೆಲ್ ಅವನ್ನು ದಿನಾಂಕ ಮಾಡಿ ಸಂಶೋಧನೆಯ ದತ್ತಾಂಶವನ್ನು ಕೆಡಿಸುತ್ತಿತ್ತು. 2023ರಲ್ಲಿ ಎಕ್ಸೆಲ್‌ಗೆ ಈ ತಾನೇತಾನಾದ ಪರಿವರ್ತನೆಗಳನ್ನು ನಿಲ್ಲಿಸುವ ಆಯ್ಕೆ ಬಂದಿದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆನ್ ಮಾಡಿಕೊಳ್ಳಿ. ಹಳೆಯ ಆವೃತ್ತಿಯಿದ್ದರೆ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆಯಬೇಡಿ. ಡೇಟಾ ಮೆನುವಿನಿಂದ ಪಠ್ಯ ಫೈಲಾಗಿ ತಂದು, ಎಲ್ಲ ಕಾಲಂಗಳ ಬಗೆಯನ್ನು ಟೆಕ್ಸ್ಟ್ ಎಂದು ಗೊತ್ತುಪಡಿಸಿ. ಕ್ಯಾಲ್ಕ್‌ನಲ್ಲಿ ಸಿಎಸ್‌ವಿ ತೆರೆಯುವಾಗಲೇ ಇದನ್ನು ಕೇಳುವ ಕಿಟಕಿ ಬರುತ್ತದೆ. ಈ ಕೆಲಸಕ್ಕೆ ನಾನು ಕ್ಯಾಲ್ಕ್ ಅನ್ನೇ ಶಿಫಾರಸು ಮಾಡುತ್ತೇನೆ. ಉಳಿಸುವಾಗಲೂ ಅಕ್ಷರ ಸಂಕೇತ ಯಾವುದು, ನಡುವೆ ಕಾಮಾ ಬೇಕೇ, ಪಠ್ಯಕ್ಕೆಲ್ಲ ಉದ್ಧರಣ ಚಿಹ್ನೆ ಹಾಕಬೇಕೇ ಎಂದು ಅದು ಕೇಳಿ ಮಾಡುತ್ತದೆ.

ಟೈಪ್ ತಪ್ಪು ಎಂಬ ಸಂದೇಶಕ್ಕೆ ಕಾರಣ ಸಾಮಾನ್ಯವಾಗಿ ಕಾಗುಣಿತ. ಬರಿದೇ "ಸರ್ವಿಂಗ್" ಎಂದರೆ ಸಾಲದು. ಇಂಗ್ಲಿಷ್‌ನಲ್ಲಿ ಸರ್ವಿಂಗ್ ಮತ್ತು ರಿಲೇಶನ್‌ಶಿಪ್ ಎರಡನ್ನೂ ಜಾಗ ಬಿಡದೆ ಸೇರಿಸಿ, ಎರಡರ ಮೊದಲ ಅಕ್ಷರವನ್ನೂ ದೊಡ್ಡದಾಗಿ ಬರೆಯಬೇಕು. ಹಳೆಯ ಪಟ್ಟಿಗಳನ್ನು ಮರುಬಳಸುವವರು ಇನ್ನೊಂದನ್ನು ಗಮನಿಸಬೇಕು. 2016ರಲ್ಲಿ ಬಂದ ಆರ್ಕಿಮೇಟ್ 3.0ರಲ್ಲಿ ಹಲವು ಹೆಸರುಗಳು ಬದಲಾದವು. ಅದುವರೆಗೆ ಯೂಸ್ಡ್ ಬೈ ಎನ್ನುತ್ತಿದ್ದ ಸಂಬಂಧ ಸರ್ವಿಂಗ್ ಆಯಿತು, ಇನ್‌ಫ್ರಾಸ್ಟ್ರಕ್ಚರ್ ಸರ್ವೀಸ್ ಎಂಬ ಘಟಕ ಟೆಕ್ನಾಲಜಿ ಸರ್ವೀಸ್ ಆಯಿತು. ಆರ್ಕಿ ಹುಟ್ಟಿದ್ದು ಇಂಗ್ಲೆಂಡಿನ ಬೋಲ್ಟನ್ ವಿಶ್ವವಿದ್ಯಾಲಯದಲ್ಲಿ. ಹಾಗಾಗಿ ಅದರ ಹಳೆಯ ಆವೃತ್ತಿಗಳಲ್ಲಿ ರಿಯಲೈಸೇಶನ್ ಎಂಬುದಕ್ಕೆ ಬ್ರಿಟಿಷ್ ರೂಢಿಯ ಎಸ್ ಅಕ್ಷರವಿತ್ತು, ಈಗ ಜೆಡ್ ಇದೆ. ಖಚಿತವಾದ ಕಾಗುಣಿತ ಬೇಕಿದ್ದರೆ ಪುಟ್ಟ ಮಾದರಿಯೊಂದರಲ್ಲಿ ಬೇಕಾದ ಬಗೆಯ ಸಂಬಂಧಗಳನ್ನು ಒಂದೊಂದು ಎಳೆದು ಸಿಎಸ್‌ವಿಗೆ ರಫ್ತು ಮಾಡಿ. ಅಲ್ಲಿ ಬಂದದ್ದನ್ನು ನಕಲು ಮಾಡಿಕೊಂಡರೆ ತಪ್ಪುವ ಮಾತೇ ಇಲ್ಲ.

ಕಾಲಂಗಳ ಸಂಖ್ಯೆ ಸರಿಯಿಲ್ಲ ಎಂದರೆ, ನಿಮ್ಮ ಅನುಕೂಲಕ್ಕೆ ಇಟ್ಟುಕೊಂಡ ಹೆಸರಿನ ಕಾಲಂ ಹಾಗೆಯೇ ಉಳಿದಿರಬಹುದು. ಅಥವಾ ಬೇರೊಂದು ಶೀಟ್ ಉಳಿದಿರಬಹುದು: ಎಕ್ಸೆಲ್ ಸಿಎಸ್‌ವಿ ಮಾಡುವಾಗ ಆ ಹೊತ್ತಿಗೆ ಎದುರಿಗಿರುವ ಶೀಟನ್ನು ಮಾತ್ರ ಬರೆಯುತ್ತದೆ. ಫೈಲಿನ ಕೊನೆಯಲ್ಲಿ ಬರಿಯ ಕಾಮಾಗಳ ಸಾಲುಗಳು ಕಂಡರೆ, ಹಿಂದೆ ಅಲ್ಲಿದ್ದ ಸಾಲುಗಳನ್ನು ಡಿಲೀಟ್ ಮಾಡದೆ ಅವುಗಳೊಳಗಿನದನ್ನು ಮಾತ್ರ ಅಳಿಸಿದ್ದೀರಿ ಎಂದರ್ಥ. ನೋಟ್‌ಪ್ಯಾಡ್‌ನಲ್ಲೇ ಅವನ್ನು ತೆಗೆದುಹಾಕಿ. ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿರುವ ಕನ್ನಡಿಗರ ಕಂಪ್ಯೂಟರ್‌ಗಳಲ್ಲಿ ಎಕ್ಸೆಲ್ ಕಾಮಾದ ಬದಲು ಸೆಮಿಕೋಲನ್ ಹಾಕುತ್ತದೆ, ಏಕೆಂದರೆ ಅಲ್ಲಿ ದಶಮಾಂಶಕ್ಕೆ ಕಾಮಾ ಬಳಸುತ್ತಾರೆ. ಊರಿನ ಸಹೋದ್ಯೋಗಿಗೆ ಕಳಿಸುವ ಮೊದಲು ಕಾಮಾ ಮಾಡಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ, ಈ ಎರಡು ಘಟಕಗಳ ನಡುವೆ ಈ ಬಗೆಯ ಸಂಬಂಧ ಸಲ್ಲದು ಎಂಬ ಸಂದೇಶ. ಇದು ಸ್ಪ್ರೆಡ್‌ಶೀಟಿನ ದೋಷವಲ್ಲ, ಮಾದರಿಯ ದೋಷ. ಹೆಚ್ಚಾಗಿ ದಿಕ್ಕು ತಿರುಗಿರುತ್ತದೆ. ಆಕ್ಸೆಸ್ ಸಂಬಂಧವನ್ನು ನೋಡಿ: "ಸದಸ್ಯತ್ವ ನೋಂದಣಿ" ಎಂಬ ಕೆಲಸ "ಸದಸ್ಯರ ಪಟ್ಟಿ" ಎಂಬ ದತ್ತಾಂಶವನ್ನು ಓದುತ್ತದೆ ಎಂದಾಗ ಮಾಹಿತಿ ಪಟ್ಟಿಯಿಂದ ಕೆಲಸದ ಕಡೆಗೆ ಹರಿಯುತ್ತದೆ, ಚಿತ್ರದಲ್ಲಿ ಬಾಣದ ತಲೆಯೂ ಕೆಲಸದ ಕಡೆಗೇ ಇರುತ್ತದೆ. ಅದನ್ನು ನೋಡಿ ಪಟ್ಟಿಯನ್ನು ಸೋರ್ಸ್ ಮಾಡುತ್ತಾರೆ. ಆರ್ಕಿಮೇಟ್‌ನಲ್ಲಿ ಓದುವುದಿರಲಿ ಬರೆಯುವುದಿರಲಿ, ಆಕ್ಸೆಸ್‌ನ ಸೋರ್ಸ್ ಯಾವಾಗಲೂ ಮಾಡುವ ಕಡೆಯದು, ಟಾರ್ಗೆಟ್ ಯಾವಾಗಲೂ ದತ್ತಾಂಶ. ರಿಯಲೈಸೇಶನ್‌ನಲ್ಲಿ ಮೂರ್ತವಾದದ್ದು ಸೋರ್ಸ್, ಅಮೂರ್ತವಾದದ್ದು ಟಾರ್ಗೆಟ್. ಅಸೈನ್‌ಮೆಂಟ್‌ನಲ್ಲಿ ಮಾಡುವವರು ಸೋರ್ಸ್, ಮಾಡುವ ಕೆಲಸ ಟಾರ್ಗೆಟ್.

ಸಂದೇಶ ತಪ್ಪಿಸಿಕೊಳ್ಳಲು ಎಲ್ಲವನ್ನೂ ಅಸೋಸಿಯೇಶನ್ ಮಾಡಿಬಿಡುವ ಅಡ್ಡದಾರಿಯೊಂದಿದೆ. ಯಾವ ಎರಡು ಘಟಕಗಳ ನಡುವೆಯೂ ಅದು ಸಲ್ಲುತ್ತದೆ, ಆಮದು ಸರಾಗವಾಗಿ ಮುಗಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಹನ್ನೊಂದು ಬಗೆಯ ಸಂಬಂಧಗಳಲ್ಲಿ ಹತ್ತನ್ನು ಎಸೆದು "ಇವೆರಡಕ್ಕೆ ಏನೋ ಸಂಬಂಧವಿದೆ" ಎಂದಷ್ಟೇ ಹೇಳುವ ಮಾದರಿಯಿಂದ ಯಾರಿಗೂ ಉಪಯೋಗವಿಲ್ಲ.

ಲಕ್ಷಣ: ಆಮದು ಮುಗಿಯಿತು, ಸಂಬಂಧಗಳು ಕಾಣುತ್ತಿಲ್ಲ

ಮೊದಲು ಎಡಗಡೆಯ ಮಾದರಿ ಪಟ್ಟಿಯಲ್ಲಿ ರಿಲೇಶನ್ಸ್ ಫೋಲ್ಡರ್ ತೆರೆದು ನೋಡಿ. ಅಲ್ಲಿ ಸಂಬಂಧಗಳಿದ್ದರೆ ಆಮದು ಸರಿಯಾಗಿಯೇ ಆಗಿದೆ. ಸಿಎಸ್‌ವಿ ಆಮದು ಮಾದರಿಗೆ ಸಂಬಂಧ ಸೇರಿಸುತ್ತದೆ, ಯಾವ ವ್ಯೂನಲ್ಲಿಯೂ (ಮಾದರಿಯನ್ನು ತೋರಿಸುವ ಚಿತ್ರದಲ್ಲಿಯೂ) ಗೆರೆ ಎಳೆಯುವುದಿಲ್ಲ. ವ್ಯೂಗಳ ಮಾಹಿತಿ ಸಿಎಸ್‌ವಿಯಲ್ಲಿ ಇರುವುದೇ ಇಲ್ಲ. ಹೊಸ ವ್ಯೂ ಒಂದನ್ನು ತೆರೆದು, ಬೇಕಾದ ಘಟಕಗಳನ್ನು ಒಟ್ಟಿಗೆ ಆಯ್ದು ಎಳೆದು ತಂದರೆ ಅವುಗಳ ನಡುವಿನ ಗೆರೆಗಳೂ ಬರುತ್ತವೆ. ಒಂದು ಘಟಕದ ಸುತ್ತಲಿನದನ್ನು ಮಾತ್ರ ನೋಡಬೇಕಿದ್ದರೆ ಆರ್ಕಿಯ ನ್ಯಾವಿಗೇಟರ್ ಕಿಟಕಿ ಸಾಕು.

ಫೋಲ್ಡರ್ ಖಾಲಿ ಇದ್ದರೆ ಫೈಲಿನ ಹೆಸರು ನೋಡಿ. ಆಮದಿಗೆ ನೀವು ಆರಿಸುವುದು ಎಲಿಮೆಂಟ್ಸ್ ಫೈಲನ್ನು. ಉಳಿದೆರಡನ್ನು ಆರ್ಕಿ ಅದೇ ಫೋಲ್ಡರಿನಲ್ಲಿ ಹೆಸರಿನ ಮೇಲೆ ತಾನೇ ಹುಡುಕುತ್ತದೆ. ಸಿಗದಿದ್ದರೆ ಅವಿಲ್ಲವೆಂದು ತಿಳಿದು ಸುಮ್ಮನೆ ಮುಂದೆ ಹೋಗುತ್ತದೆ, ಎಚ್ಚರಿಕೆ ಕೊಡುವುದಿಲ್ಲ. ಎಲಿಮೆಂಟ್ಸ್‌ಗೆ ಮುಂದೆ "ಗ್ರಂಥಾಲಯ-" ಎಂಬ ಪೂರ್ವಪದವಿದ್ದರೆ ರಿಲೇಶನ್ಸ್‌ಗೂ ಅದೇ ಪೂರ್ವಪದ ಇರಬೇಕು. ಇಳಿಸಿಕೊಂಡ ಫೈಲಿನ ಹೆಸರಿಗೆ ಬ್ರೌಸರ್ ಸೇರಿಸುವ ಆವರಣದೊಳಗಿನ ಒಂದು, ಹೆಸರಿನ ಕೊನೆಗೆ ಅಡಗಿ ಕುಳಿತ ಟಿಎಕ್ಸ್‌ಟಿ, ರಿಲೇಶನ್ಸ್ ಬದಲಿಗೆ ರಿಲೇಶನ್‌ಶಿಪ್ಸ್ ಎಂದು ಬರೆದದ್ದು: ಇವೆಲ್ಲ ಇದೇ ಲಕ್ಷಣ ತೋರಿಸುತ್ತವೆ. ವಿಂಡೋಸ್‌ನಲ್ಲಿ ಫೈಲ್ ಹೆಸರಿನ ವಿಸ್ತರಣೆ ಕಾಣುವಂತೆ ಮಾಡಿಕೊಂಡು ನೋಡಿ.

ಲಕ್ಷಣ: ಒಂದೇ ಸಂಬಂಧ ಎರಡೆರಡು ಸಲ

ಸಂಬಂಧದ ಐಡಿ ಖಾಲಿ ಬಿಟ್ಟರೆ ಪ್ರತಿ ಆಮದಿನಲ್ಲೂ ಹೊಸ ಐಡಿ, ಹೊಸ ಸಂಬಂಧ. ಆರ್ಕಿ ಹಳೆಯದನ್ನು ಗುರುತಿಸುವುದು ಐಡಿಯಿಂದ. ಸೋರ್ಸ್, ಟಾರ್ಗೆಟ್ ಒಂದೇ ಇದ್ದ ಮಾತ್ರಕ್ಕೆ ಅದೇ ಸಂಬಂಧವೆಂದು ತಿಳಿಯುವುದಿಲ್ಲ. ಸಂಬಂಧಗಳಿಗೂ ಐಡಿ ಕೊಡಿ, ಒಮ್ಮೆ ಕೊಟ್ಟದ್ದನ್ನು ಬದಲಾಯಿಸಬೇಡಿ. ಸೋರ್ಸ್, ಟೈಪ್, ಟಾರ್ಗೆಟ್ ಮೂರನ್ನೂ ಅಡ್ಡಗೆರೆಯಿಂದ ಜೋಡಿಸಿ ಐಡಿ ಕಟ್ಟುವುದು ನನಗೆ ಮೆಚ್ಚಿನ ವಿಧಾನ, ಏಕೆಂದರೆ ಆಗ ಶೀಟಿನಲ್ಲೇ ಎಷ್ಟು ಸಲ ಬಂದಿದೆ ಎಂದು ಎಣಿಸುವ ಕೌಂಟಿಫ್ ಸೂತ್ರ ಹಾಕಿ ಪುನರಾವರ್ತನೆ ಹಿಡಿಯಬಹುದು. ಪಟ್ಟಿಯಿಂದ ತೆಗೆದುಹಾಕಿದ ಸಂಬಂಧ ಮಾದರಿಯಿಂದ ತಾನಾಗಿ ಹೋಗುವುದಿಲ್ಲ ಎಂಬುದೂ ನೆನಪಿರಲಿ. ಆಮದು ಸೇರಿಸುತ್ತದೆ, ತಿದ್ದುತ್ತದೆ. ಅಳಿಸುವುದು ನಿಮ್ಮ ಕೈಯಿಂದಲೇ ಆಗಬೇಕು.

ಲಕ್ಷಣ: ಎಲ್ಲವೂ ಒಳಗೆ ಬಂತು, ಆದರೆ ಸಂಬಂಧ ತಪ್ಪು

ಇದೇ ನಿಜವಾದ ಅಪಾಯ. ಐಡಿಗಳು ಸರಿ, ಟೈಪ್ ಸರಿ, ಆರ್ಕಿಗೆ ತಕರಾರಿಲ್ಲ. ತಪ್ಪು ಹುಟ್ಟುವುದು ಹೆಸರಿನಿಂದ ಐಡಿಗೆ ದಾಟುವ ಸೂತ್ರದಲ್ಲಿ.

ಬಹಳ ಜನ ರಿಲೇಶನ್ಸ್ ಶೀಟಿನಲ್ಲಿ ಹೆಸರು ಬರೆದು, ವಿಲುಕಪ್ ಸೂತ್ರದಿಂದ ಎಲಿಮೆಂಟ್ಸ್ ಶೀಟಿನ ಐಡಿ ತರುತ್ತಾರೆ. ವಿಧಾನ ಒಳ್ಳೆಯದೇ. ಆದರೆ ವಿಲುಕಪ್‌ನ ನಾಲ್ಕನೆಯ ಅಂಶವನ್ನು ಬಿಟ್ಟರೆ ಅದು ಅಂದಾಜು ಹೊಂದಿಕೆ ಎಂದು ತಿಳಿಯುತ್ತದೆ. ಪಟ್ಟಿ ಅಕಾರಾದಿಯಲ್ಲಿದ್ದು ಕೇಳಿದ ಹೆಸರು ಅದರಲ್ಲಿ ಇಲ್ಲದಿದ್ದರೆ, ಅದಕ್ಕೆ ಮುಂಚೆ ಬರುವ ಹೆಸರಿನ ಐಡಿಯನ್ನು ಕೊಡುತ್ತದೆ. ನಮ್ಮ ಗ್ರಂಥಾಲಯದ ಪಟ್ಟಿಯಲ್ಲಿ "ಗ್ರಂಥಾಲಯ ತಂತ್ರಾಂಶ", "ಪುಸ್ತಕ ಪಟ್ಟಿ", "ಸದಸ್ಯತ್ವ ನೋಂದಣಿ" ಈ ಮೂರೇ ಇವೆ ಎನ್ನಿ. "ದಂಡ ವಸೂಲಿ" ಸೇರಿಸಲು ಮರೆತಿದೆ. ಅದನ್ನು ಹುಡುಕಿದರೆ ವಿಲುಕಪ್ ದೋಷ ತೋರಿಸದೆ "ಗ್ರಂಥಾಲಯ ತಂತ್ರಾಂಶ"ದ ಐಡಿಯನ್ನು ಕೈಗಿಡುತ್ತದೆ. ದಂಡ ವಸೂಲಿಗೆ ಸೇರಬೇಕಾದ ಸಂಬಂಧಗಳೆಲ್ಲ ತಂತ್ರಾಂಶದ ಮೇಲೆ ಬೀಳುತ್ತವೆ. ಪಟ್ಟಿ ಅಕಾರಾದಿಯಲ್ಲಿ ಇಲ್ಲದಿದ್ದರೆ ಇನ್ನೂ ಕಷ್ಟ: ಇರುವ ಹೆಸರಿಗೂ ತಪ್ಪು ಐಡಿ ಬರಬಹುದು.

ಪತ್ತೆಗೆ ಸುಲಭ ಪರೀಕ್ಷೆಯಿದೆ. ಇಲ್ಲವೇ ಇಲ್ಲದ ಒಂದು ಹೆಸರನ್ನು, ಏನಾದರೂ ಅರ್ಥವಿಲ್ಲದ ಅಕ್ಷರಗಳನ್ನು, ಹುಡುಕಲು ಕೊಡಿ. ಸೂತ್ರ ದೋಷ ತೋರಿಸಿದರೆ ಸರಿಯಿದೆ. ಐಡಿ ಕೊಟ್ಟರೆ ಇಡೀ ಕಾಲಂ ಶಂಕಾಸ್ಪದ. ನಾಲ್ಕನೆಯ ಅಂಶಕ್ಕೆ ಸೊನ್ನೆ ಹಾಕಿ ನಿಖರ ಹೊಂದಿಕೆ ಮಾಡಿ, ಅಥವಾ ನಿಖರ ಹೊಂದಿಕೆಯನ್ನೇ ಮೂಲವಾಗಿಟ್ಟುಕೊಂಡ ಎಕ್ಸ್‌ಲುಕಪ್ ಬಳಸಿ. ದೋಷ ಕಾಣುವುದು ಚೆಂದವಲ್ಲವೆಂದು ಇಫ್‌ಎರರ್‌ನಿಂದ ಮುಚ್ಚಬೇಡಿ. ಆ ದೋಷದ ಗುರುತು ಫೈಲಿಗೆ ಹೋದರೆ ಆಮದು ನಿಲ್ಲುತ್ತದೆ, ನಿಲ್ಲಲೇಬೇಕು.

ಒಂದೇ ಹೆಸರಿನ ಎರಡು ಘಟಕಗಳಿದ್ದರೆ ನಿಖರ ಹೊಂದಿಕೆಯೂ ಕಾಪಾಡುವುದಿಲ್ಲ. "ನೋಂದಣಿ" ಎಂಬ ಕೆಲಸವೂ "ನೋಂದಣಿ" ಎಂಬ ಅಪ್ಲಿಕೇಶನ್ ಫಂಕ್ಷನ್ನೂ ಇದ್ದರೆ ವಿಲುಕಪ್ ಮೇಲಿನಿಂದ ಮೊದಲು ಸಿಕ್ಕಿದ್ದನ್ನು ಕೊಟ್ಟು ಸುಮ್ಮನಾಗುತ್ತದೆ. ಟೈಪ್ ಮತ್ತು ಹೆಸರು ಎರಡನ್ನೂ ಸೇರಿಸಿದ ಒಂದು ಕಾಲಂ ಮಾಡಿಕೊಂಡು ಅದರಲ್ಲಿ ಹುಡುಕಿ. ಹೆಸರಿನಲ್ಲಿ ಪ್ರಶ್ನಾರ್ಥಕ ಅಥವಾ ನಕ್ಷತ್ರ ಚಿಹ್ನೆ ಇದ್ದರೆ ಎಕ್ಸೆಲ್ ಅವನ್ನು "ಯಾವುದಾದರೂ ಸರಿ" ಎಂದು ಓದುತ್ತದೆ, ಅಂಥ ಹೆಸರುಗಳನ್ನು ತಿದ್ದುವುದು ಮೇಲು.

ದಿಕ್ಕಿನ ತಪ್ಪೂ ಇಲ್ಲಿ ಸದ್ದಿಲ್ಲದೆ ನುಸುಳುತ್ತದೆ. ಎರಡು ಅಪ್ಲಿಕೇಶನ್‌ಗಳ ನಡುವಿನ ಸರ್ವಿಂಗ್ ಅಥವಾ ಫ್ಲೋ ಎರಡೂ ದಿಕ್ಕಿನಲ್ಲಿ ಸಿಂಧು, ಹಾಗಾಗಿ ತಿರುಗಿ ಬಿದ್ದರೆ ಆರ್ಕಿ ಹೇಳುವುದಿಲ್ಲ. ಶೀಟಿನಲ್ಲಿ ಸೋರ್ಸ್‌ನ ಹೆಸರು, "ಇದು ಸೇವೆ ಒದಗಿಸುವುದು ಇದಕ್ಕೆ" ಎಂಬ ಪದಗಳು, ಟಾರ್ಗೆಟ್‌ನ ಹೆಸರು ಮೂರನ್ನೂ ಒಟ್ಟು ಮಾಡುವ ಕಾಲಂ ಒಂದನ್ನು ಹಾಕಿ, ಆ ವ್ಯವಸ್ಥೆ ಬಲ್ಲವರ ಪಕ್ಕ ಕುಳಿತು ಓದಿ ಹೇಳಿ. ಹೆಸರುಗಳನ್ನು ಐಡಿಯಿಂದ ಮರಳಿ ತಂದಿರಬೇಕು, ಮೊದಲು ಬರೆದ ಹೆಸರನ್ನೇ ಇಟ್ಟರೆ ಪರೀಕ್ಷೆಯಾಗುವುದಿಲ್ಲ. ನೂರು ಸಾಲು ಓದಲು ಹೆಚ್ಚು ಹೊತ್ತು ಬೇಡ, ಕಿವಿಗೆ ಬಿದ್ದ ಕೂಡಲೇ ತಿರುಗಿದ್ದು ಗೊತ್ತಾಗುತ್ತದೆ.

ಆಕ್ಸೆಸ್ ಸಂಬಂಧಗಳಿಗೆ ಇನ್ನೊಂದು ಪರೀಕ್ಷೆ ಬೇಕು. ಓದುವುದೋ ಬರೆಯುವುದೋ ಎಂಬುದು ರಿಲೇಶನ್ಸ್ ಫೈಲಿನಲ್ಲಿ ಇರುವುದಿಲ್ಲ, ಪ್ರಾಪರ್ಟೀಸ್ ಫೈಲಿನಲ್ಲಿ ಆಕ್ಸೆಸ್ ಟೈಪ್ ಎಂಬ ಕೀಯ ಎದುರು ಬರುತ್ತದೆ. ಆ ಕೀಯ ಎರಡು ಪದಗಳ ನಡುವೆ ಜಾಗವಿಲ್ಲ, ಅಂಡರ್‌ಸ್ಕೋರ್ ಇದೆ. ಏನೂ ಕೊಡದಿ‌ದ್ದರೆ ಆರ್ಕಿ ಅದನ್ನು ಬರೆಯುವುದು ಎಂದೇ ಇಟ್ಟುಕೊಳ್ಳುತ್ತದೆ. ಪರಿಣಾಮವಾಗಿ ಪಟ್ಟಿಯನ್ನು ನೋಡಲು ಮಾತ್ರ ಅಧಿಕಾರವಿರುವ ಕೆಲಸಗಳೆಲ್ಲ ಅದನ್ನು ತಿದ್ದುತ್ತಿರುವಂತೆ ಮಾದರಿ ಹೇಳುತ್ತದೆ. ಮಾಹಿತಿ ಸುರಕ್ಷತೆಯ ವಿಶ್ಲೇಷಣೆಗೆ ಆ ಮಾದರಿ ಬಳಸುವವರಿಗೆ ಇದು ದೊಡ್ಡ ತಪ್ಪು. ಸಂಬಂಧಕ್ಕೆ ಐಡಿ ಕೊಟ್ಟಿರದಿದ್ದರೆ ಪ್ರಾಪರ್ಟೀಸ್ ಅಂಟಿಸಲು ಜಾಗವೇ ಇಲ್ಲ ಎಂಬುದು ಐಡಿ ಕೊಡಲು ಇನ್ನೊಂದು ಕಾರಣ.

ಕನ್ನಡದ ಹೆಸರುಗಳಿರುವಾಗ

ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದರೆ ಕಾರಣ ಒಂದೇ: ಎಕ್ಸೆಲ್‌ನಲ್ಲಿ ಬರಿಯ ಸಿಎಸ್‌ವಿ ಎಂದು ಉಳಿಸಿದ್ದೀರಿ. ಸಿಎಸ್‌ವಿ ಯುಟಿಎಫ್-8 ಎಂಬ ಬೇರೆ ಆಯ್ಕೆಯಿದೆ, ಅದನ್ನು ಆರಿಸಬೇಕು. ಪ್ರಶ್ನಾರ್ಥಕವಾದ ಮೇಲೆ ಆ ಫೈಲಿನಿಂದ ಮೂಲ ಅಕ್ಷರ ಮರಳಿ ಪಡೆಯಲಾಗದು, ಎಕ್ಸೆಲ್ ವರ್ಕ್‌ಬುಕ್‌ನಿಂದ ಮತ್ತೆ ಉಳಿಸಿ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಪಟ್ಟಿಗಳು ಕನ್ನಡದಂತೆ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳು. ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು.

ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಹೊಂದದಿರುವುದು ಇದಕ್ಕಿಂತ ಸೂಕ್ಷ್ಮ. ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತುವ ಅಭ್ಯಾಸ ಹಲವರಿಗಿದೆ; "ದಂಡ" ಮತ್ತು "ದ೦ಡ" ಪರದೆಯ ಮೇಲೆ ಅವಳಿಗಳು, ಸೂತ್ರಕ್ಕೆ ಬೇರೆ ಬೇರೆ. "ತಂತ್ರಾಂಶ" ಎಂದು ಒಬ್ಬರು, ಸೊನ್ನೆ ಹಾಕಿ ಇನ್ನೊಬ್ಬರು ಬರೆದ ಪಟ್ಟಿಗಳನ್ನು ಕೂಡಿಸಿದಾಗ ಅರ್ಧ ಸಂಬಂಧಗಳು ಬಿಟ್ಟುಹೋಗುತ್ತವೆ. ಎಕ್ಸೆಲ್‌ನ ಯೂನಿಕೋಡ್ ಸೂತ್ರಕ್ಕೆ ಆ ಒಂದು ಅಕ್ಷರ ಕೊಟ್ಟು ನೋಡಿ: ಅನುಸ್ವಾರಕ್ಕೆ 3202, ಸೊನ್ನೆಗೆ 3302 ಬರುತ್ತದೆ. "ಸಾಫ್ಟ್‌ವೇರ್" ಎಂಬಲ್ಲಿ ಒತ್ತಕ್ಷರ ಬಿಡಿಸಲು ಹಾಕುವ ಕಾಣದ ಅಕ್ಷರದ ಸಂಖ್ಯೆ 8204, ಒಬ್ಬರು ಹಾಕಿ ಇನ್ನೊಬ್ಬರು ಬಿಟ್ಟಿರುತ್ತಾರೆ. ಒತ್ವ, ಓತ್ವಗಳನ್ನು ಒಂದೇ ಸಂಕೇತವಾಗಿಯೂ ಬಿಡಿ ಭಾಗಗಳಾಗಿಯೂ ಬರೆಯಲು ಯೂನಿಕೋಡ್‌ನಲ್ಲಿ ಅವಕಾಶವಿದೆ, ನೋಡಲು ವ್ಯತ್ಯಾಸ ತಿಳಿಯದು. ವೆಬ್ ಪುಟದಿಂದ ನಕಲು ಮಾಡಿದ ಹೆಸರಿನ ಕೊನೆಗೆ 160 ಸಂಖ್ಯೆಯ ಖಾಲಿ ಜಾಗ ಅಂಟಿಕೊಂಡಿರುತ್ತದೆ, ಟ್ರಿಮ್ ಸೂತ್ರ ಅದನ್ನು ತೆಗೆಯುವುದಿಲ್ಲ.

ಶಂಕೆ ಬಂದಾಗ ಎರಡೂ ಹೆಸರುಗಳಿಗೆ ಲೆನ್ ಸೂತ್ರ ಹಾಕಿ. ಉದ್ದ ಬೇರೆಯಾದರೆ ಕಾಣದ ಅಕ್ಷರವೋ ಬಿಡಿ ಭಾಗಗಳಾಗಿ ಬರೆದ ಒತ್ವ, ಓತ್ವವೋ ಇದೆ. ಉದ್ದ ಒಂದೇ ಆಗಿದ್ದೂ ಹೊಂದದಿದ್ದರೆ ಮೊದಲು ಸೊನ್ನೆಯನ್ನು ಶಂಕಿಸಿ. ಇಡೀ ಕಾಲಮ್ಮಿನಲ್ಲಿ ಸಬ್‌ಸ್ಟಿಟ್ಯೂಟ್ ಸೂತ್ರದಿಂದ ಕನ್ನಡದ ಸೊನ್ನೆಯನ್ನು ಅನುಸ್ವಾರ ಮಾಡುವಾಗ, ಹೆಸರಿನಲ್ಲಿ ನಿಜವಾಗಿಯೂ ಕನ್ನಡ ಅಂಕಿಗಳಿವೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಐಡಿಗಳನ್ನು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳಲ್ಲೇ ಇಡುವ ನಿಯಮದಿಂದಾಗಿ ಈ ತೊಡಕುಗಳೆಲ್ಲ ಹೆಸರಿಗೆ ಮಾತ್ರ ಸೀಮಿತವಾಗುತ್ತವೆ.

ಆಮದಾದ ಮೇಲಿನ ತಪಾಸಣೆ

ಮಾದರಿಯನ್ನು ಬೇರೊಂದು ಖಾಲಿ ಫೋಲ್ಡರಿಗೆ ಸಿಎಸ್‌ವಿಯಾಗಿ ರಫ್ತು ಮಾಡಿ. ಅಲ್ಲಿ ಬಂದ ರಿಲೇಶನ್ಸ್ ಮತ್ತು ನೀವು ಕಳಿಸಿದ ರಿಲೇಶನ್ಸ್ ಎರಡನ್ನೂ ಐಡಿಯ ಮೇಲೆ ಜೋಡಿಸಿ, ಸೋರ್ಸ್ ಮತ್ತು ಟಾರ್ಗೆಟ್ ಹೋಲಿಸಿ. ಸಾಲುಗಳ ಸಂಖ್ಯೆ ಎಣಿಸುವಾಗ ಸ್ಪ್ರೆಡ್‌ಶೀಟಿನಲ್ಲಿ ಎಣಿಸಿ, ನೋಟ್‌ಪ್ಯಾಡ್‌ನಲ್ಲಲ್ಲ. ವಿವರಣೆಯೊಳಗೆ ಹೊಸ ಸಾಲುಗಳಿದ್ದರೆ ಒಂದು ದಾಖಲೆ ನಾಲ್ಕು ಸಾಲುಗಳಾಗಿ ಕಾಣುತ್ತದೆ. ನಂತರ ಮಾದರಿಯ ದೋಷಗಳನ್ನು ಹುಡುಕುವ ಆರ್ಕಿಯ ವ್ಯಾಲಿಡೇಟರ್ ಓಡಿಸಿ. ಹೊಸ ಸಂಬಂಧಗಳೆಲ್ಲ ಯಾವ ವ್ಯೂನಲ್ಲೂ ಬಳಕೆಯಾಗಿಲ್ಲ ಎಂಬ ಉದ್ದನೆಯ ಪಟ್ಟಿ ಬಂದರೆ ಗಾಬರಿ ಬೇಡ, ಆಗಷ್ಟೇ ಆಮದು ಮಾಡಿದ ಮಾದರಿಯಲ್ಲಿ ಅದು ಸಹಜ. ಅದೇ ಪಟ್ಟಿಯಲ್ಲಿ ನಕಲಿ ಘಟಕಗಳ ಎಚ್ಚರಿಕೆ ಇದ್ದರೆ ಮಾತ್ರ ನಿಲ್ಲಿ: ಒಂದೇ ಹೆಸರು, ಒಂದೇ ಟೈಪ್, ಎರಡು ಐಡಿ. ಸಂಬಂಧಗಳು ಅವೆರಡರ ನಡುವೆ ಹಂಚಿ ಹೋಗಿರುತ್ತವೆ. ಯಾವ ಐಡಿ ಉಳಿಯಬೇಕೆಂದು ತೀರ್ಮಾನಿಸಿ, ಶೀಟಿನಲ್ಲಿ ಇನ್ನೊಂದನ್ನು ಹುಡುಕಿ ಬದಲಾಯಿಸಿ, ಮೊದಲು ತೆಗೆದಿಟ್ಟ ಪ್ರತಿಯ ಮೇಲೆ ಆಮದನ್ನು ಹೊಸದಾಗಿ ಮಾಡಿ.